ಪ್ಯಾನೆಲ್ ಲಾಗಿನ್ ಊರಿಗೆಲ್ಲ ತೆರೆದಿದೆ. 2ಎಫ್‌ಎ ಒಂದೇ ಸಾಕಾ? ಅನುಭವ ಇದ್ದವರು ಹೇಳಿ

ಮೂವತ್ತೆಂಟು_ಸೈಟು: ಒಂದೇ ಸರ್ವರಲ್ಲಿ 38 ಸಣ್ಣ ಸೈಟು ನೋಡ್ಕೊಳ್ತಿದೀನಿ, ಸಿಪ್ಯಾನೆಲ್ (ಬ್ರೌಸರಿಂದಲೇ ಸರ್ವರ್ ನಡೆಸೋ ಪ್ಯಾನೆಲ್). ಅದರ ನಿರ್ವಾಹಕರ ಲಾಗಿನ್ ಇರೋ ಡಬ್ಲ್ಯೂಎಚ್‌ಎಂನ 2087 ಪೋರ್ಟಿಗೆ ಹಗಲೂ ರಾತ್ರಿ ಯಾರೋ ಪಾಸ್‌ವರ್ಡ್ ಊಹಿಸ್ತಾ ಕೂತಿರ್ತಾರೆ. 2ಎಫ್‌ಎ (ಪಾಸ್‌ವರ್ಡ್ ಆದ್ಮೇಲೆ ಫೋನಲ್ಲಿ ಬರೋ ಆರಂಕಿ ಕೋಡೂ ಕೇಳೋದು) ಹಾಕಿದೀನಿ. ಅಷ್ಟು ಸಾಕಾ, ಇಲ್ಲ ಐಪಿ ನಿರ್ಬಂಧ (ಗೊತ್ತಿರೋ ಐಪಿ ವಿಳಾಸದಿಂದ ಮಾತ್ರ ಬಿಡೋದು), ವಿಪಿಎನ್ ಅಂತ ಹೋಗ್ಬೇಕಾ? ನನ್ನ ಐಪಿ ಬದಲಾಗ್ತಾನೇ ಇರುತ್ತೆ.

ರಾತ್ರಿಪಾಳಿ: 2020ರ ನವೆಂಬರ್ ತನಕ ನಾನೂ "ಸಾಕು" ಅಂತಲೇ ಹೇಳ್ತಿದ್ದೆ. ಆಗ ಹೊರಬಿದ್ದ ವಿಷಯ ಏನಂದ್ರೆ, ಪಾಸ್‌ವರ್ಡ್ ಗೊತ್ತಿದ್ದವನು ಸಿಪ್ಯಾನೆಲ್‌ನಲ್ಲಿ ಆ ಆರಂಕಿ ಕೋಡನ್ನ ಎಷ್ಟು ಸಲ ತಪ್ಪು ಹಾಕಿದ್ರೂ ತಡೆಯೋರೇ ಇರ್ಲಿಲ್ಲ. ಇರೋದೇ 10 ಲಕ್ಷ ಕೋಡು. 30 ಸೆಕೆಂಡಿಗೊಮ್ಮೆ ಬದಲಾದ್ರೇನು, ಗಂಟೆಗಟ್ಟಲೆ ಬಡೀತಾನೇ ಇದ್ರೆ ಒಂದಲ್ಲ ಒಂದು ತಗಲುತ್ತೆ. 11.86.0.32, 11.90.0.17, 11.92.0.2 ಆವೃತ್ತಿಗಳಲ್ಲಿ ಸರಿಮಾಡಿದ್ರು. ನಂದು 86ರ ಸಾಲಲ್ಲಿತ್ತು, ಆಟೋ ಅಪ್‌ಡೇಟ್ ಆಫ್. ಆಫ್ ಮಾಡಿದ್ದು ನಾನೇ, ಹಿಂದೊಂದು ಸಲ ಅಪ್‌ಡೇಟ್ ಆದ್ಮೇಲೆ ಸೈಟು ಕೆಟ್ಟಿತ್ತು ಅನ್ನೋ ಸಿಟ್ಟಿಗೆ. ಯಾರೂ ನುಗ್ಗಿರ್ಲಿಲ್ಲ. ಆದ್ರೆ "ನುಗ್ಗಿಲ್ಲ" ಅಂತ ಖಾತ್ರಿ ಮಾಡ್ಕೊಳ್ಳೋಕೆ ಎರಡು ರಾತ್ರಿ, ಒಟ್ಟು 11 ಗಂಟೆ ಲಾಗ್ ಓದಿದೀನಿ. ಎಪಿಐ ಟೋಕನ್ (ಸ್ಕ್ರಿಪ್ಟುಗಳು ಪಾಸ್‌ವರ್ಡ್ ಬದಲು ಬಳಸೋ ಕೀ) ಎಲ್ಲಾ ಹೊಸದು ಮಾಡ್ದೆ. ಬ್ಯಾಕಪ್ ಸ್ಕ್ರಿಪ್ಟಲ್ಲಿ ಹಳೇ ಟೋಕನ್ ಉಳ್ಕೊಂಡು, 9 ದಿನ ಬ್ಯಾಕಪ್ಪೇ ಆಗಿಲ್ಲ. ಅದು ಗೊತ್ತಾಗಿದ್ದೂ ಹತ್ತನೇ ದಿನ, ಬೇರೇನೋ ಹುಡುಕ್ತಿದ್ದಾಗ.

ಹಳೇ_ರೂಟ್: ಐಪಿ ನಿರ್ಬಂಧದ ಕಥೆ ನನ್ ಹತ್ರ ಕೇಳಿ. ಡಬ್ಲ್ಯೂಎಚ್‌ಎಂ, ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಬರೆದು ಸರ್ವರ್ ನಡೆಸೋ ದಾರಿ) ಎರಡಕ್ಕೂ ಒಂದೇ ಐಪಿ ಬರೆದೆ. ಮೂರು ವಾರ ಮೀಸೆ ತಿರುವಿಕೊಂಡು ಓಡಾಡ್ದೆ. ಒಂದು ರಾತ್ರಿ ಡಿಸ್ಕ್ ತುಂಬಿ ಮೇಲ್ ನಿಂತ್ಹೋಯ್ತು, ಅದೇ ಹೊತ್ತಿಗೆ ರೂಟರ್ ರೀಸ್ಟಾರ್ಟ್ ಆಗಿ ಐಪಿ ಬದಲಾಯ್ತು. ಸರಿ, ಸರ್ವರ್ ಬಾಡಿಗೆ ಕೊಟ್ಟವರ ಕನ್ಸೋಲಿಂದ ಹೋಗೋಣ ಅಂದ್ರೆ ಆ ಖಾತೆಯ ಕೋಡ್ ಬರೋದು ಇದೇ ಸರ್ವರಿನ ಮೇಲ್‌ಬಾಕ್ಸಿಗೆ! 14 ಗಂಟೆ. ಇಬ್ಬರು ಗ್ರಾಹಕರು ಕೈಬಿಟ್ಟು ಹೋದ್ರು. ಆಮೇಲೆ ಬೇರೆ ಸಣ್ಣ ಮೆಷಿನ್ ಮೇಲೆ ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಿ, ಆ ಮೆಷಿನ್ನಿನ ಐಪಿಗೆ ಮಾತ್ರ 2087 ಬಿಟ್ಟೆ. ಈಗ ಲಾಗಲ್ಲಿ ಸೊಳ್ಳೆನೂ ಇಲ್ಲ.

ಬ್ಯಾಕಪ್ಪ: ಎಲ್ಲಾ ಬೀಗದ ಬಗ್ಗೇನೇ ಮಾತಾಡ್ತೀರಲ್ಲ, ಗೋಡೆ ನೋಡಿ. ವೆಬ್‌ಮಿನ್ ಅನ್ನೋ ಇನ್ನೊಂದು ಪ್ಯಾನೆಲಿನ 1.890 ಆವೃತ್ತಿಯಲ್ಲಿ ಪಾಸ್‌ವರ್ಡ್ ಬದಲಿಸೋ ಫೈಲಿಗೇ ಹಿಂಬಾಗಿಲು ಸೇರಿಸಿದ್ರು, 2018ರ ಏಪ್ರಿಲಲ್ಲಿ. ಬಯಲಾಗಿದ್ದು 2019ರ ಆಗಸ್ಟಲ್ಲಿ. ಸೆಂಟ್‌ಒಎಸ್ ವೆಬ್ ಪ್ಯಾನೆಲಲ್ಲಿ ತಪ್ಪು ಲಾಗಿನ್ನನ್ನ ಲಾಗಿಗೆ ಬರೆಯೋ ಸಾಲೇ ತೂತು, ಲಾಗಿನ್ ಪುಟದ ಯುಆರ್‌ಎಲ್ ಒಳಗೆ ಕಮಾಂಡ್ ಹಾಕಿದ್ರೆ ಅದೇ ಓಡ್ತಿತ್ತು. 2024ರ ಅಕ್ಟೋಬರಲ್ಲಿ ಸೈಬರ್‌ಪ್ಯಾನೆಲ್: ಭದ್ರತಾ ತಪಾಸಣೆ ಬರೀ ಪೋಸ್ಟ್ ವಿನಂತಿಗೆ (ಬ್ರೌಸರ್ ಫಾರ್ಮ್ ಕಳಿಸೋ ವಿಧಾನ). ಬೇರೆ ವಿಧಾನದಲ್ಲಿ ಕಳಿಸಿದವನು ಲಾಗಿನ್ನೇ ಇಲ್ದೆ ರೂಟ್ (ಸರ್ವರಿನ ಪೂರ್ತಿ ಅಧಿಕಾರ ಇರೋನು) ಆಗ್ತಿದ್ದ, ಹಿಂದೇನೇ ರಾನ್ಸಮ್‌ವೇರ್. ಇಲ್ಲೆಲ್ಲಾ ನಿಮ್ಮ 2ಎಫ್‌ಎ ಏನ್ ಮಾಡುತ್ತೆ? ನಾನು ಪ್ಯಾನೆಲ್ಲೇ ಕಿತ್ತೆಸೆದೆ. ಎಸ್‌ಎಸ್‌ಎಚ್ ಕೀ ಅಷ್ಟೇ. ಐದು ವರ್ಷ ಆಯ್ತು, ನೆಮ್ಮದಿ.

ರಾತ್ರಿಪಾಳಿ: ವೆಬ್‌ಮಿನ್ ಕಥೆ ಅರ್ಧಕ್ಕೇ ಬಿಟ್ರಿ. 1.890ಕ್ಕೆ ಮಾತ್ರ ಹಾಗೇ ನುಗ್ಗಬಹುದಿತ್ತು. 1.900ರಿಂದ 1.920ರವರೆಗೆ, ಅವಧಿ ಮುಗಿದ ಪಾಸ್‌ವರ್ಡ್ ಬದಲಿಸೋ ಆಯ್ಕೆ ಆನ್ ಮಾಡಿದ್ರೆ ಮಾತ್ರ. ಹೆದರಿಸೋಕೆ ಮುಂಚೆ ಪೂರ್ತಿ ಓದಿ.

ಬ್ಯಾಕಪ್ಪ: ಆಟೋ ಅಪ್‌ಡೇಟ್ ಆಫ್ ಮಾಡ್ಕೊಂಡು ಕೂತಿದ್ದವರು ನನಗೆ ಓದೋಕೆ ಹೇಳ್ತಿದೀರಾ, ಒಳ್ಳೇದು.

ಮರುಮಾರಾಟ_ಮೇಡಂ: ನಿಮ್ಮ ಜಗಳ ಆಮೇಲೆ. ನಂದು ಬರೀ ರೀಸೆಲರ್ ಖಾತೆ, ರೂಟ್ ನನ್ ಕೈಲಿಲ್ಲ. ಮೇಲಿನವರು ಸಿಪಿಹಲ್ಕ್‌ನಲ್ಲಿ (ಪಾಸ್‌ವರ್ಡ್ ಊಹಿಸೋರನ್ನ ತಡೆಯೋ ಸಿಪ್ಯಾನೆಲ್ ಭಾಗ) ಯೂಸರ್‌ನೇಮ್ ಆಧಾರದ ರಕ್ಷಣೆ ಆನ್ ಮಾಡಿದ್ರು. ಬಾಟುಗಳು ನನ್ನ ಹೆಸರು ಹಾಕಿ ತಪ್ಪು ಪಾಸ್‌ವರ್ಡ್ ಬಡಿದಂಗೆಲ್ಲಾ ಬೀಗ ಬಿದ್ದಿದ್ದು ನನಗೇ. ಒಂದೇ ವಾರದಲ್ಲಿ 17 ಸಲ, ಬರೆದಿಟ್ಟಿದೀನಿ. ಟಿಕೆಟ್ ಹಾಕಿದ್ರೆ "ಪಾಸ್‌ವರ್ಡ್ ಸರಿಯಾಗಿ ಹಾಕಿ ಮೇಡಂ" ಅಂತ ಉತ್ತರ. ಹೊಟ್ಟೆ ಉರೀತು. ಕೊನೆಗೆ ನನ್ನ ಐಪಿನ ಬಿಳಿಪಟ್ಟಿಗೆ ಸೇರಿಸಿದ್ರು, ಆಗ ಉಸಿರಾಡಿದೆ.

ಮೂವತ್ತೆಂಟು_ಸೈಟು: ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ವೈರ್‌ಗಾರ್ಡ್ ಅಂತ ಇಟ್ಕೊಳ್ಳಲಾ? ಗ್ರಾಹಕರು 2083ಕ್ಕೆ (ಅವರ ಸಿಪ್ಯಾನೆಲ್ ಲಾಗಿನ್ ಪೋರ್ಟು) ತಾವೇ ಬರ್ತಾರೆ, ಅವರಿಗೆ ಏನ್ ಮಾಡೋದು?

ಹಳೇ_ರೂಟ್: 2083 ಬಿಡಿ, ಮೊದಲು 2087 ಮುಚ್ಚಿ. ಆದ್ರೆ ಮುಚ್ಚೋ ಮೊದಲು ಕನ್ಸೋಲ್ ಖಾತೆಯ ಇಮೇಲ್ ಬೇರೆ ಕಡೆಗೆ ಬದಲಿಸಿ. ಇದನ್ನ ಮೂರು ಸಲ ಓದಿ.

ಬ್ಯಾಕಪ್ಪ: ಗ್ರಾಹಕರಿಗೆ ಪ್ಯಾನೆಲ್ ಕೊಡೋದೇ ತಪ್ಪು. ಏನ್ ಬೇಕೋ ಕೇಳಲಿ, ನಾನ್ ಮಾಡ್ಕೊಡ್ತೀನಿ.

ಮರುಮಾರಾಟ_ಮೇಡಂ: 38 ಜನ ಮೇಲ್ ಪಾಸ್‌ವರ್ಡ್ ಮರೆತು ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದ್ರೆ ಗೊತ್ತಾಗುತ್ತೆ. ನಿಮ್ಮದು ಎಷ್ಟು ಸೈಟು?

ಬ್ಯಾಕಪ್ಪ: ಸಂಖ್ಯೆ ಮುಖ್ಯ ಅಲ್ಲ.

ರಾತ್ರಿಪಾಳಿ: ಎಷ್ಟು ಸಾರ್?

ಬ್ಯಾಕಪ್ಪ: ನಾಲ್ಕು. ಒಂದು ನಂದೇ.

ಹಳೇ_ರೂಟ್: ಆ ಎಸ್‌ಎಸ್‌ಎಚ್ ಕೀಗೆ ಪಾಸ್‌ಫ್ರೇಸ್ ಆದ್ರೂ ಇದ್ಯಾ?

ಬ್ಯಾಕಪ್ಪ: ಅದಕ್ಕೂ ಇಲ್ಲಿ ಕೇಳಿದ ಪ್ರಶ್ನೆಗೂ ಏನ್ ಸಂಬಂಧ?