ಸಿಎಸ್‌ಆರ್ ಹಣ ತರಿಸಿಕೊಡ್ತೀನಿ, ನೂರಕ್ಕೆ ಹನ್ನೆರಡು ನಂದು ಅಂತಾರೆ. ಒಪ್ಪಬೇಕಾ?

ಘಟಪ್ರಭಾ ದಂಡೆ:
ಗೋಕಾಕ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ವಿಶೇಷ ಮಕ್ಕಳ ಹಗಲು ಶಾಲೆ ನಡೆಸುತ್ತೇವೆ. 26 ಮಕ್ಕಳು, ಇಬ್ಬರು ಶಿಕ್ಷಕಿಯರು, ಒಬ್ಬ ಆಯಾ, ಎರಡು ಆಟೋ, ಮಧ್ಯಾಹ್ನದ ಊಟ, ವಾರಕ್ಕೊಮ್ಮೆ ಫಿಸಿಯೋಥೆರಪಿ. ವರ್ಷಕ್ಕೆ ಸುಮಾರು 14 ಲಕ್ಷ ಖರ್ಚು. ಅದರಲ್ಲಿ 6 ಲಕ್ಷ ನಮ್ಮೂರಿನವರೇ ಒಬ್ಬರು ಕೊಡುತ್ತಿದ್ದರು. ಪುಣೆಯಲ್ಲಿ ವ್ಯಾಪಾರ ಅವರದು. ಮುಂದಿನ ಏಪ್ರಿಲ್‌ನಿಂದ ಆಗುವುದಿಲ್ಲ ಅಂದಿದ್ದಾರೆ.

ಈಗ ಬೆಳಗಾವಿಯಿಂದ ಒಬ್ಬ ಕನ್ಸಲ್ಟೆಂಟ್ ಬಂದು ಹೋದರು. 25 ಲಕ್ಷ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ, ತರಿಸಿಕೊಡುತ್ತಾರಂತೆ. ಮುಂಗಡ 30 ಸಾವಿರ, ಹಣ ಬಂದ ಮೇಲೆ ನೂರಕ್ಕೆ ಹನ್ನೆರಡು. ಟ್ರಸ್ಟಿಗಳಲ್ಲಿ ಮೂವರು ‘ಕೊಟ್ಟುಬಿಡೋಣ, 22 ಲಕ್ಷ ಉಳಿಯುತ್ತಲ್ಲ’ ಅಂತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಟ್ರಸ್ಟ್‌ಗೆ ಏಳು ವರ್ಷ ಆಗಿದೆ. 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ) ಎರಡೂ ಇವೆ. ಏನು ಮಾಡಲಿ?

ನವನಗರ ಲೆಕ್ಕ:
ಬೇಡ ಅಕ್ಕಾರ. ನಾನು ಬಾಗಲಕೋಟೆಯಲ್ಲಿ ಆಡಿಟ್ ಕೆಲಸ ಮಾಡುವವನು, ಹಾಗಾಗಿ ಲೆಕ್ಕದ ಮಾತೇ ಹೇಳುತ್ತೇನೆ. 25 ಲಕ್ಷಕ್ಕೆ ನೂರಕ್ಕೆ ಹನ್ನೆರಡು ಅಂದರೆ 3 ಲಕ್ಷ. ಅದನ್ನು ಯಾವ ಖಾತೆಗೆ ಬರೆಯುತ್ತೀರಿ? ಕಂಪನಿ ಒಪ್ಪಿದ ಬಜೆಟ್‌ನಲ್ಲಿ ‘ಕಮಿಷನ್’ ಅನ್ನೋ ಸಾಲು ಇರುವುದಿಲ್ಲ. ಆಮೇಲೆ ಇಲ್ಲದ ಕುರ್ಚಿಗೆ ಬಿಲ್ ಮಾಡಿಸಬೇಕಾಗುತ್ತದೆ. ಬಳಕೆ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ನನ್ನಂಥವರು, ಸಿಕ್ಕಿಬೀಳುವವರು ಟ್ರಸ್ಟಿಗಳು. ಅವನು ಅಷ್ಟೊತ್ತಿಗೆ ಬೇರೆ ತಾಲ್ಲೂಕಿನಲ್ಲಿರುತ್ತಾನೆ.

ಇನ್ನೊಂದು. ನಿಮ್ಮದು ಸಿಎಸ್‌ಆರ್-1 ಆಗಿದೆಯಾ, ಅಂದರೆ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆ ಸರ್ಕಾರದಲ್ಲಿ ಮಾಡಿಸಬೇಕಾದ ನೋಂದಣಿ? 2021ರ ಏಪ್ರಿಲ್ 1ರಿಂದ ಆ ನೋಂದಣಿ ಇಲ್ಲದ ಸಂಸ್ಥೆಗೆ ಕಂಪನಿ ಹೊಸ ಸಿಎಸ್‌ಆರ್ ಕೆಲಸ ಕೊಡುವ ಹಾಗಿಲ್ಲ. ಮೂರು ವರ್ಷದ ಕೆಲಸದ ದಾಖಲೆಯೂ ಬೇಕು, ಅದು ನಿಮಗಿದೆ.

ಘಟಪ್ರಭಾ ದಂಡೆ:
ಸಿಎಸ್‌ಆರ್-1 ಆಗಿಲ್ಲ ಸರ. ಅದರ ಬಗ್ಗೆ ಅವರು ಕೇಳಲೇ ಇಲ್ಲ.

ನವನಗರ ಲೆಕ್ಕ:
ಅಲ್ಲಿಗೆ ಗೊತ್ತಾಯಿತಲ್ಲ.

ದ್ರಾಕ್ಷಿ ಸೀಮೆ:
ಎಲ್ಲರೂ ‘ಬೇಡ’ ಅಂತ ಹೇಳೋದು ಸುಲಭ. ನಾನು ವಿಜಯಪುರ ಜಿಲ್ಲೆಯಲ್ಲಿ ಸಂಸ್ಥೆ ನಡೆಸುವವನು. ನಮ್ಮಂಥವರ ಕಾಗದ ಯಾವ ಕಂಪನಿಯವರು ಓದುತ್ತಾರೆ ಹೇಳಿ? ಪ್ರಪೋಸಲ್ ಇಂಗ್ಲಿಷ್‌ನಲ್ಲಿ ಬೇಕು, ಕೋಷ್ಟಕ ಬೇಕು, ‘ಔಟ್‌ಕಮ್’ ಬೇಕು, ‘ಥಿಯರಿ ಆಫ್ ಚೇಂಜ್’ ಬೇಕು. ಇವೆಲ್ಲ ಬರೆಯಲು ಬರುವವರು ಬೆಂಗಳೂರಿನಲ್ಲಿ ಇದ್ದಾರೆ. ಅಲ್ಲಿನ ಸಂಸ್ಥೆಗಳು ತಿಂಗಳ ಸಂಬಳ ಕೊಟ್ಟು ಅಂಥವರನ್ನು ಇಟ್ಟುಕೊಂಡಿವೆ. ಅದು ತಪ್ಪಲ್ಲ, ನಾವು ಒಬ್ಬನಿಗೆ ದುಡ್ಡು ಕೊಟ್ಟರೆ ಮಾತ್ರ ತಪ್ಪಾ?

ಹನ್ನೆರಡು ಜಾಸ್ತಿ ಆಯಿತು, ಒಪ್ಪಿದೆ. ಆದರೆ ಬರೆಯುವವನಿಗೆ ದುಡ್ಡೇ ಕೊಡಬಾರದು ಅನ್ನೋದು ಹೊಟ್ಟೆ ತುಂಬಿದವರ ಮಾತು.

ಗೇಟಿನ ಒಳಗಿನವ:
ನಾನು ಒಂದು ಕಾರ್ಖಾನೆಯ ಸಿಎಸ್‌ಆರ್ ವಿಭಾಗದಲ್ಲಿ ಇರುವವನು. ಯಾವುದು ಅಂತ ಕೇಳಬೇಡಿ. ದ್ರಾಕ್ಷಿ ಸೀಮೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಬರೆದುಕೊಟ್ಟವರಿಗೆ ಇಂತಿಷ್ಟು ಅಂತ ಫೀ ಕೊಡಿ, ರಸೀದಿ ತಗೊಳ್ಳಿ, ಲೆಕ್ಕದಲ್ಲಿ ತೋರಿಸಿ. ಅದಕ್ಕೆ ಯಾರ ತಕರಾರೂ ಇಲ್ಲ. ಹಣ ಬಂದರೂ ಬಾರದಿದ್ದರೂ ಆ ಫೀ ಒಂದೇ ಇರಬೇಕು. ಪರ್ಸೆಂಟ್ ಲೆಕ್ಕ ಬಂದ ಕೂಡಲೇ ಅವನು ನಿಮಗೆ ಬೇಕಾದ್ದನ್ನು ಬಿಟ್ಟು, ದೊಡ್ಡ ಮೊತ್ತ ಯಾವುದಕ್ಕೆ ಬರುತ್ತದೋ ಅದನ್ನು ಬರೆಯುತ್ತಾನೆ. 26 ಮಕ್ಕಳ ಶಾಲೆಗೆ 25 ಲಕ್ಷ ಯಾಕೆ? ನಿಮಗೆ ಕೊರತೆ ಇರುವುದು 6 ಲಕ್ಷ.

ಇಂಥ ಏಜೆಂಟರು ಬರೆದ ಪ್ರಪೋಸಲ್ ನಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದೇ ಕಾಗದ, ಹೆಸರು ಮಾತ್ರ ಬೇರೆ. ಒಂದರಲ್ಲಿ ಮೊದಲ ಪುಟದಲ್ಲಿ ಹುನಗುಂದ ತಾಲ್ಲೂಕು ಅಂತಿತ್ತು, ನಾಲ್ಕನೇ ಪುಟದಲ್ಲಿ ‘ಈ ಕರಾವಳಿ ಗ್ರಾಮದ ಮೀನುಗಾರ ಕುಟುಂಬಗಳು’ ಅಂತ ಬರೆದಿತ್ತು!

ಈಗ ನಮ್ಮ ಕಡೆ ವಿಷಯ ಹೇಗೆ ನಡೆಯುತ್ತದೆ ಹೇಳುತ್ತೇನೆ. ಕಂಪನಿ ಕಾಯ್ದೆ 2013ರ ಕಲಂ 135. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ. ಈ ಮೂರರಲ್ಲಿ ಒಂದು ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟು ಖರ್ಚು ಮಾಡಬೇಕು. ಘಟಕ ಇರುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಸಿಎಸ್‌ಆರ್ ಹಣ ಯಾವುದಕ್ಕೆ ಕೊಡಬಹುದು ಅನ್ನೋ ಪಟ್ಟಿ ಅದೇ ಕಾಯ್ದೆಯ ಏಳನೇ ಅನುಸೂಚಿ, ಅಂಗವಿಕಲ ಮಕ್ಕಳ ಶಿಕ್ಷಣ ಅದರಲ್ಲೇ ಇದೆ. ಅಂದರೆ ನೀವು ಭಿಕ್ಷೆ ಕೇಳುತ್ತಿಲ್ಲ, ನಾವು ಖರ್ಚು ಮಾಡಲೇಬೇಕಾದ ಹಣಕ್ಕೆ ದಾರಿ ತೋರಿಸುತ್ತಿದ್ದೀರಿ.

ಆದರೆ ನಮ್ಮ ಭಾಗದಲ್ಲಿ ಒಂದು ತೊಡಕಿದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಬೆಳಗಾವಿ, ಬಾಗಲಕೋಟೆಯಲ್ಲಿ ಸಕ್ಕರೆ ಕಾರ್ಖಾನೆ ಬೇಕಾದಷ್ಟಿವೆ, ಎಲ್ಲ ಕಡೆ ಸಿಎಸ್‌ಆರ್ ಇರುತ್ತದೆ ಅಂದುಕೊಂಡು ಅರ್ಜಿ ಹಿಡಿದು ಓಡಾಡುತ್ತಾರೆ. ಸಹಕಾರಿ ಕಾರ್ಖಾನೆಗಳು ಕಂಪನಿಗಳಲ್ಲ, ಅವಕ್ಕೆ ಕಲಂ 135 ಅನ್ವಯಿಸುವುದೇ ಇಲ್ಲ. ಖಾಸಗಿ ಕಾರ್ಖಾನೆಗೂ ಲಾಭ ಬಾರದ ವರ್ಷಗಳಿರುತ್ತವೆ. ಮೊದಲು ಪಟ್ಟಿ ಮಾಡಿ. ಕಂಪನಿಗೆ ವೆಬ್‌ಸೈಟ್ ಇದ್ದರೆ ಸಿಎಸ್‌ಆರ್ ನೀತಿ, ಸಮಿತಿ, ಒಪ್ಪಿಗೆಯಾದ ಯೋಜನೆ ಎಲ್ಲವನ್ನೂ ಅಲ್ಲಿ ಹಾಕಬೇಕು. ಹೋದ ವರ್ಷ ಏನಕ್ಕೆ ಕೊಟ್ಟರು ಅಂತ ಓದಿದರೆ ಈ ವರ್ಷ ಏನು ಕೇಳಬಹುದು ಅಂತ ತಿಳಿಯುತ್ತದೆ.

ಘಟಪ್ರಭಾ ದಂಡೆ:
ಸಂಬಳಕ್ಕೆ ಕೊಡುತ್ತಾರಾ ಸರ? ನಮಗೆ ಬೇಕಾಗಿರುವುದೇ ಅದು.

ಗೇಟಿನ ಒಳಗಿನವ:
ಅಲ್ಲೇ ಕಷ್ಟ. ಬೆಂಚು, ಶೌಚಾಲಯ, ನೀರಿನ ಫಿಲ್ಟರ್, ಗಾಲಿಕುರ್ಚಿ ಅಂದರೆ ಬೇಗ ಒಪ್ಪುತ್ತಾರೆ. ಬೋರ್ಡ್ ಹಾಕಿ ಫೋಟೋ ತೆಗೆಯಬಹುದಲ್ಲ. ಸಂಬಳ ಅಂದರೆ ಮುಂದಿನ ವರ್ಷವೂ ಬರುತ್ತಾರೆ ಅಂತ ಅಂಜಿಕೆ. ಬರೀ ‘ಸಂಬಳ’ ಅಂತ ಬರೆಯಬೇಡಿ. ಒಂದು ಮಗುವಿಗೆ ವರ್ಷದ ಕಲಿಕೆಗೆ ಎಷ್ಟು ಖರ್ಚು ಅಂತ ಬರೆಯಿರಿ, ಶಿಕ್ಷಕಿಯ ಸಂಬಳ ಅದರೊಳಗೆ ಬರಲಿ. ಮುಚ್ಚಿಡಬೇಡಿ, ಬಿಡಿಸಿ ತೋರಿಸಿ.

ಹೊತ್ತು ಕೂಡ ನೋಡಿ. ಹೊಸ ವರ್ಷದ ಯೋಜನೆ ಏಪ್ರಿಲ್ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಮಾತುಕತೆ ಅದಕ್ಕೂ ಮೊದಲೇ ಶುರುವಾಗಬೇಕು. ಜನವರಿ, ಫೆಬ್ರುವರಿಯಲ್ಲಿ ಖರ್ಚಾಗದ ಹಣಕ್ಕೆ ಗಡಿಬಿಡಿ ಇರುತ್ತದೆ. ಆಗ ಸಣ್ಣ, ಸಿದ್ಧವಾಗಿರುವ ಕೆಲಸಕ್ಕೆ ಅವಕಾಶ ಸಿಗುತ್ತದೆ. ಕೊಟೇಶನ್ ಸಮೇತ ಕಾಗದ ತಯಾರಿಟ್ಟುಕೊಂಡವರಿಗೆ ಮಾತ್ರ.

ಖಣದ ಕುಪ್ಪಸ:
ಗುಳೇದಗುಡ್ಡದ ಕಡೆಯವಳು ನಾನು. ನಮ್ಮದು ಹೆಣ್ಣುಮಕ್ಕಳ ವಸತಿ ಕೇಂದ್ರ. ನೀವೆಲ್ಲ ಕಂಪನಿಯ ಗೇಟು ನೋಡುತ್ತಿದ್ದೀರಿ, ನಾನು ಊರೊಳಗಿನ ಮಾತು ಹೇಳುತ್ತೇನೆ.

ನಮ್ಮ ಕಡೆ ಹುಟ್ಟುಹಬ್ಬ, ತಿಥಿ, ಮದುವೆ ವಾರ್ಷಿಕೋತ್ಸವ ಅಂದರೆ ಜನ ಅನಾಥಾಲಯಕ್ಕೋ ವಿಶೇಷ ಶಾಲೆಗೋ ಊಟ ಹಾಕಿಸುತ್ತಾರೆ. ಶ್ರಾವಣದಲ್ಲಂತೂ ಒಂದೇ ದಿನ ಇಬ್ಬರು ಹೋಳಿಗೆ ಊಟ ತರುತ್ತಾರೆ, ಅನ್ನ ಉಳಿಯುತ್ತದೆ. ಅದೇ ವಾರ ಹಾಲಿನವನ ಬಾಕಿ ಹಾಗೇ ಇರುತ್ತದೆ. ಕೊಡುವ ಮನಸ್ಸಿಗೆ ಕೊರತೆ ಇಲ್ಲ. ಏನು ಕೊಡಬೇಕು ಅಂತ ನಾವು ಹೇಳಿಲ್ಲ, ಅಷ್ಟೇ.

ನಾವು ಊಟದ ಬದಲು ‘ಒಂದು ದಿನ’ ಕೇಳಲು ಶುರು ಮಾಡಿದೆವು. ವರ್ಷದ ಪೂರ್ತಿ ಖರ್ಚನ್ನು ದಿನಕ್ಕೆ ಭಾಗ ಮಾಡಿ, ‘ನಿಮ್ಮ ತಾಯಿಯ ಹೆಸರಿನಲ್ಲಿ ಈ ದಿನ ಕೇಂದ್ರ ನಡೆಯುತ್ತದೆ’ ಅಂತ. ಸಂಬಳ, ಕರೆಂಟ್ ಬಿಲ್, ಬಾಡಿಗೆ ಎಲ್ಲ ಅದರಲ್ಲೇ ಬಂತು. ಅಕ್ಕಾ, ನಿಮ್ಮ ಶಾಲೆಯ ಒಂದು ದಿನದ ಖರ್ಚು ಎಷ್ಟು?

ಘಟಪ್ರಭಾ ದಂಡೆ:
ಈಗಷ್ಟೇ ಹಾಳೆಯ ಮೇಲೆ ಹಾಕಿದೆ. ವರ್ಷಕ್ಕೆ 220 ದಿನ ಶಾಲೆ. ದಿನಕ್ಕೆ ಶಿಕ್ಷಕಿಯರ ಸಂಬಳ 1,960, ಆಟೋ 1,500, ಊಟ 1,040, ಆಯಾ, ಬಾಡಿಗೆ, ಫಿಸಿಯೋ ಉಳಿದದ್ದೆಲ್ಲ ಸೇರಿ 1,860. ಒಟ್ಟು 6,360 ರೂಪಾಯಿ. ಇಷ್ಟು ದಿನ ಜನ ಕೊಡುತ್ತಿದ್ದುದು ಆ 1,040ಕ್ಕೆ ಮಾತ್ರ!

6 ಲಕ್ಷದ ಕೊರತೆ ಅಂದರೆ ಸುಮಾರು 95 ದಿನ.

ದ್ರಾಕ್ಷಿ ಸೀಮೆ:
95 ದಿನಕ್ಕೆ 95 ಜನ? ಮೊದಲ ವರ್ಷವೇ? 30 ಜನ ಸಿಕ್ಕರೆ ಹೆಚ್ಚು. ನಮ್ಮ ಜನ ಜಾತ್ರೆಗೆ ಕೊಡುತ್ತಾರೆ, ಗುಡಿ ಕಟ್ಟಲು ಕೊಡುತ್ತಾರೆ, ತಮ್ಮ ಸಮಾಜದ ಹಾಸ್ಟೆಲ್‌ಗೆ ಕೊಡುತ್ತಾರೆ. ಎಲ್ಲ ಜಾತಿಯ ವಿಶೇಷ ಮಕ್ಕಳು ಇರುವ ಶಾಲೆಗೆ ‘ನಮ್ಮವರು’ ಅಂತ ಯಾರು ಬರುತ್ತಾರೆ?

ಹಳೇ ಮಾಸ್ತರ:
ಇದಕ್ಕೆ ನಾನು ಸ್ವಲ್ಪ ತಕರಾರು ಮಾಡುತ್ತೇನೆ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಕಟ್ಟಿದವರು ಏಳು ಜನ ಶಿಕ್ಷಕರು, ಸಾಹುಕಾರರಲ್ಲ. ವಿಜಯಪುರದಲ್ಲಿ 1910ರಲ್ಲಿ ಫ.ಗು. ಹಳಕಟ್ಟಿಯವರು ಬಿಎಲ್‌ಡಿಇ ಶುರು ಮಾಡಿದರು. ಸಿರಸಂಗಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ಆಸ್ತಿಯನ್ನು ಮಕ್ಕಳ ಓದಿಗಾಗಿ ಮೃತ್ಯುಪತ್ರ ಬರೆದಿಟ್ಟರು. ಈ ಸೀಮೆಯ ದೊಡ್ಡ ದೊಡ್ಡ ಸಂಸ್ಥೆಗಳೆಲ್ಲ ಜನರ ಹಣದಿಂದಲೇ ಎದ್ದವು.

ದ್ರಾಕ್ಷಿ ಸೀಮೆ:
ಮಾಸ್ತರ, ಸಿರಸಂಗಿ ದೇಸಾಯಿಯವರು ಯಾರ ಮಕ್ಕಳ ಓದಿಗೆ ಬರೆದಿಟ್ಟರು ಅದನ್ನೂ ಹೇಳಿ. ನನ್ನ ಮಾತಿಗೆ ನೀವೇ ಸಾಕ್ಷಿ ಕೊಟ್ಟ ಹಾಗಾಯಿತು.

ಹಳೇ ಮಾಸ್ತರ:
ಅದು ಲಿಂಗಾಯತ ಸಮಾಜದ ಮಕ್ಕಳಿಗೇ, ನಿಜ. ಆದರೆ ಇಳಕಲ್ಲಿನ ಮಠದ ಮಹಾಂತಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿದಾಗ ಕೇಳಿದ್ದು ದುಡ್ಡಲ್ಲ, ಕುಡಿತ, ಗುಟ್ಕಾ. ಜಾತಿ ನೋಡದೆ ಜನ ಜೋಳಿಗೆಗೆ ಚಟ ಹಾಕಿದರು. ಕೇಳುವವರು ಮನೆ ಬಾಗಿಲಿಗೆ ಹೋಗಬೇಕು ಅನ್ನೋದು ನನ್ನ ಮಾತು. ಫೇಸ್‌ಬುಕ್‌ನಲ್ಲಿ ಕ್ಯೂಆರ್ ಕೋಡ್ ಹಾಕಿ ಕೂತರೆ ಯಾರೂ ಬರುವುದಿಲ್ಲ.

ಖಣದ ಕುಪ್ಪಸ:
ದ್ರಾಕ್ಷಿ ಅಣ್ಣಾರ, 95 ಜನ ಬೇಡ. ತಿಂಗಳಿಗೆ 500 ಕೊಡುವ 40 ಜನ ಸಿಕ್ಕರೆ ವರ್ಷಕ್ಕೆ 2 ಲಕ್ಷ 40 ಸಾವಿರ ಆಯಿತು. ಯುಪಿಐನಲ್ಲಿ ಆಟೋಪೇ ಹಾಕಿಸಿದರೆ ಪ್ರತಿ ತಿಂಗಳು ನೆನಪು ಮಾಡುವ ಮುಜುಗರವೂ ಇಲ್ಲ. ನಮ್ಮಲ್ಲಿ ಜಾಸ್ತಿ ಕೊಡುವವರು ಹೈಸ್ಕೂಲ್ ಮೇಡಂಗಳು, ಎಲ್‌ಐಸಿ ಏಜೆಂಟರು, ಔಷಧ ಅಂಗಡಿಯವರು. ದೊಡ್ಡ ಸಾಹುಕಾರರು ಶಾಲು ಹೊದಿಸಿಕೊಂಡು ಹೋಗುತ್ತಾರೆ.

ಪತ್ತಿನ ಸಹಕಾರಿ ಸಂಘಗಳನ್ನೂ ಬಿಡಬೇಡಿ. ಅವಕ್ಕೆ ಸಿಎಸ್‌ಆರ್ ಇಲ್ಲ, ಆದರೆ ಲಾಭದಲ್ಲಿ ಧರ್ಮಕಾರ್ಯಕ್ಕೆ ಅಂತ ಒಂದಿಷ್ಟು ತೆಗೆದಿಡುವ ಸಂಘಗಳಿವೆ. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ವಾರ್ಷಿಕ ಸಭೆ. ಅದಕ್ಕೂ ಮುಂಚೆ ಅಧ್ಯಕ್ಷರನ್ನು ಶಾಲೆಗೆ ಕರೆತನ್ನಿ.

ಘಟಪ್ರಭಾ ದಂಡೆ:
ಕರದಂಟಿನ ಅಂಗಡಿಗಳಲ್ಲಿ ಡಬ್ಬಿ ಇಡೋಣ ಅಂತ ಒಬ್ಬ ಟ್ರಸ್ಟಿ ಹೇಳುತ್ತಿದ್ದಾರೆ. ಮತ್ತೆ ಅಮೆರಿಕದಲ್ಲಿರುವ ನಮ್ಮೂರ ಹುಡುಗನೊಬ್ಬ ಡಾಲರ್ ಕಳಿಸುತ್ತೇನೆ ಅಂತಾನೆ.

ನವನಗರ ಲೆಕ್ಕ:
ಎರಡಕ್ಕೂ ತಡೆಯಿರಿ. ಡಬ್ಬಿಯ ಹಣ ಹೆಸರಿಲ್ಲದ ದಾನ. ವರ್ಷದಲ್ಲಿ 1 ಲಕ್ಷ ಅಥವಾ ಒಟ್ಟು ದಾನದ ನೂರಕ್ಕೆ ಐದು, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ದಾಟಿದರೆ ಮೇಲಿನದಕ್ಕೆ ನೂರಕ್ಕೆ ಮೂವತ್ತು ತೆರಿಗೆ. ಸಣ್ಣ ಡಬ್ಬಿಗೆ ತೊಂದರೆ ಇಲ್ಲ. ಬೀಗದ ಕೈ ಅಂಗಡಿಯವರ ಹತ್ತಿರ ಬೇಡ. ತೆರೆಯುವಾಗ ಇಬ್ಬರು ಎಣಿಸಿ ಸಹಿ ಹಾಕಲಿ.

ಆ ಹುಡುಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ತನ್ನ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಬಹುದು, ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತಗೊಂಡಿದ್ದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದೆ ಒಂದು ಡಾಲರ್ ಕೂಡ ಮುಟ್ಟಬೇಡಿ, ಅವನು ನಿಮ್ಮ ಓಣಿಯಲ್ಲೇ ಹುಟ್ಟಿರಲಿ. ಪಾಸ್‌ಪೋರ್ಟ್ ಪ್ರತಿ ತರಿಸಿ ಫೈಲಿನಲ್ಲಿಡಿ. ಎಫ್‌ಸಿಆರ್‌ಎ ನೋಂದಣಿಗೆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ತೋರಿಸಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕು, ಪ್ರತಿ ವರ್ಷ ರಿಟರ್ನ್ ಬೇಕು. ಒಬ್ಬ ಹುಡುಗನಿಗಾಗಿ ಇಷ್ಟೆಲ್ಲ ಸುಮ್ನೆ ತಲೆನೋವು.

80ಜಿ ರಸೀದಿ ಬಗ್ಗೆ ಒಂದು ಮಾತು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ ವಿನಾಯಿತಿ ಇಲ್ಲ. ದಾನಿಗಳ ಪಟ್ಟಿಯನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಬೇಕು, ಇಲ್ಲದಿದ್ದರೆ ಅವರಿಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದ ಸಂಬಳದಾರರಿಗೆ 80ಜಿಯಿಂದ ಲಾಭವೇ ಇಲ್ಲ, ಅವರ ಮುಂದೆ ಅದನ್ನೇ ಹಾಡಬೇಡಿ.

ಹಳೇ ಮಾಸ್ತರ:
ಸರ್ಕಾರದ ಅನುದಾನದ ಬಗ್ಗೆ ಯಾರೂ ಮಾತೇ ಎತ್ತಲಿಲ್ಲವಲ್ಲ? ಕೇಂದ್ರದ ದೀನದಯಾಳ್ ಅಂಗವಿಕಲರ ಪುನರ್ವಸತಿ ಯೋಜನೆ ಇದೆ.

ದ್ರಾಕ್ಷಿ ಸೀಮೆ:
ಅರ್ಜಿ ಹಾಕಲಿ, ಹಾಕಬಾರದು ಅಂತ ಯಾರಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸಂಸ್ಥೆಯ ನೋಂದಣಿ, ಶಿಕ್ಷಕಿಯರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಸಂಖ್ಯೆ, ಸ್ವಯಂಸೇವಾ ಸಂಸ್ಥೆಗಳಿಗೆ ಸರ್ಕಾರ ಕೊಡುವ ದರ್ಪಣ್ ಐಡಿ ಎಲ್ಲ ಇದ್ದರೆ ಹಾಕಿ. ಆದರೆ ಅದು ಕಂತಿನಲ್ಲಿ ಬರುವ ಹಣ. ಕಂತು ಬರುವವರೆಗೆ ಸಂಬಳ ಕೊಡಲು ಕೈಯಲ್ಲಿ ಆರು ತಿಂಗಳ ದುಡ್ಡು ಇಲ್ಲದವರು ಅದನ್ನೇ ನಂಬಿ ಕೂರಬಾರದು. ಈ ವಿಷಯದಲ್ಲಿ ಖಣದ ಅಕ್ಕಾರ ಮಾತು ನನಗೂ ಸರಿ ಅನಿಸುತ್ತದೆ. ಆದರೆ 95 ದಿನ ಮೊದಲ ವರ್ಷ ಆಗುವುದಿಲ್ಲ ಅಂತ ಈಗಲೂ ಹೇಳುತ್ತೇನೆ.

ಗೇಟಿನ ಒಳಗಿನವ:
ಪುಣೆಯವರನ್ನು ಯಾಕೆ ನಿಲ್ಲಿಸುತ್ತಿದ್ದೀರಿ ಅಂತ ಯಾರಾದರೂ ಕೇಳಿದ್ದೀರಾ? ಪೂರ್ತಿ ಆಗದಿದ್ದರೆ ಎರಡು ವರ್ಷ ಇಳಿಸಿಕೊಂಡು ಬನ್ನಿ ಅನ್ನಬಹುದಿತ್ತು. ಹೊಸ ದಾನಿ ಹುಡುಕುವುದಕ್ಕಿಂತ ಹಳೆಯವರ ಹತ್ತಿರ ಮಾತಾಡೋದು ಸುಲಭ.

ಘಟಪ್ರಭಾ ದಂಡೆ:
ನಿನ್ನೆ ಫೋನ್ ಮಾಡಿದೆ. ಏಪ್ರಿಲ್‌ನಿಂದ ಮೊದಲ ವರ್ಷ 3 ಲಕ್ಷ, ಅದರ ಮುಂದಿನ ವರ್ಷ ಒಂದೂವರೆ ಅಂದರು. ಜೊತೆಗೆ ಅವರಿಗೆ ಮಾಲು ಕೊಡುವ ಒಂದು ಕಂಪನಿಯವರನ್ನು ಪರಿಚಯ ಮಾಡಿಸುತ್ತಾರಂತೆ. ಆಟೋ ಖರ್ಚನ್ನು ಅವರ ಮುಂದೆ ಇಡೋಣ ಅಂತ ಇದ್ದೇನೆ. ಉಳಿದದ್ದಕ್ಕೆ ‘ಒಂದು ದಿನ’ ಶುರು ಮಾಡುತ್ತೇವೆ.

ಕನ್ಸಲ್ಟೆಂಟ್‌ಗೆ ಬರೆಯುವುದಕ್ಕೆ ಮಾತ್ರ ಫಿಕ್ಸ್ ಫೀ ಕೊಡುತ್ತೇವೆ, ಕಂಪನಿಯ ಹೆಸರು ಬರೆದುಕೊಡಿ ಅಂದೆ. ಹೆಸರು ಹೇಳಲಿಲ್ಲ. ನೂರಕ್ಕೆ ಎಂಟಕ್ಕೆ ಇಳಿದಿದ್ದಾರೆ.

ದ್ರಾಕ್ಷಿ ಸೀಮೆ:
ಇನ್ನೊಂದು ವಾರ ಬಿಡಿ, ಐದಕ್ಕೆ ಬರುತ್ತಾನೆ.

ನವನಗರ ಲೆಕ್ಕ:
ಸೊನ್ನೆಗೆ ಬಂದರೂ ಮುಂಗಡ ಕೊಡಬೇಡಿ. ಅಕ್ಕಾರ, ಟ್ರಸ್ಟ್ ಡೀಡ್, ಪ್ಯಾನ್, 12ಎ ಮತ್ತು 80ಜಿ ಆದೇಶ, ಮೂರು ವರ್ಷದ ಆಡಿಟ್ ವರದಿ ಇಷ್ಟನ್ನು ಸ್ಕ್ಯಾನ್ ಮಾಡಿ ಮೆಸೇಜಿನಲ್ಲಿ ಕಳಿಸಿ. ಸಿಎಸ್‌ಆರ್-1ಗೆ ಒಬ್ಬ ಟ್ರಸ್ಟಿಯ ಡಿಜಿಟಲ್ ಸಹಿ ಬೇಕು. ‘ಕೊಟ್ಟುಬಿಡೋಣ’ ಅಂದ ಆ ಮೂವರಲ್ಲಿ ಒಬ್ಬರದ್ದೇ ಮಾಡಿಸಿ.