ಸುಜೂದಿನಲ್ಲಿ ಏಳುವ ಸಂಶಯ: ನನ್ನ ಈಮಾನ್ ಹೋಯಿತೇ?

ಪ್ರಶ್ನೆ – ಪುತ್ತೂರಿನವನು

ಅಸ್ಸಲಾಮು ಅಲೈಕುಮ್. ನಾನು ಪುತ್ತೂರಿನ ಕಡೆಯವನು, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕುರ್‌ಆನ್ ಪಾರಾಯಣವನ್ನು ಚೆನ್ನಾಗಿ ಕಲಿತಿದ್ದರಿಂದ ಕಚೇರಿಯ ಪುಟ್ಟ ಕೋಣೆಯಲ್ಲಿ ನಡೆಯುವ ಅಸರ್ ಮತ್ತು ಮಗ್ರಿಬ್ ನಮಾಝಿಗೆ ಸಹೋದ್ಯೋಗಿಗಳು ನನ್ನನ್ನೇ ಇಮಾಮನಾಗಿ ಮುಂದೆ ನಿಲ್ಲಿಸುತ್ತಾರೆ. ಕೆಲವು ತಿಂಗಳುಗಳಿಂದ, ಸುಜೂದಿನಲ್ಲಿ ಹಣೆ ನೆಲಕ್ಕೆ ತಾಗಿದ ಗಳಿಗೆಯಲ್ಲೇ "ಇದನ್ನು ಕೇಳುವವನು ನಿಜವಾಗಿ ಇದ್ದಾನೆಯೇ" ಎಂಬ ಪ್ರಶ್ನೆ ಏಳುತ್ತದೆ. ಸಲಾಂ ಹೇಳಿ ತಿರುಗಿ ಕುಳಿತಾಗ ಹಿಂದಿನ ಸಾಲಿನವರ ಮುಖ ನೋಡಲು ನಾಚಿಕೆಯಾಗುತ್ತದೆ.

ನಾನು ದೀನ್ (ಧರ್ಮ) ಬಿಡಬೇಕೆಂದು ಹೊರಟವನಲ್ಲ, ಉಳಿಯಬೇಕೆಂದು ಬಯಸುವವನು. ನನ್ನ ಈಮಾನ್ (ವಿಶ್ವಾಸ) ಹೋಗಿದೆಯೇ? ಈ ಸ್ಥಿತಿಯಲ್ಲಿ ಇಮಾಮನಾಗಿ ನಿಲ್ಲುವುದು ಕಪಟವಲ್ಲವೇ? ಉಮ್ಮನಿಗೆ ಹೇಳಿದರೆ ಆಕೆ ಕುಸಿದುಹೋಗುತ್ತಾಳೆ. ಊರಿನ ಉಸ್ತಾದರಲ್ಲಿ ಕೇಳುವ ಧೈರ್ಯ ಬರುತ್ತಿಲ್ಲ.

ಉತ್ತರ – ಹಳೆಯ ದರ್ಸ್ ವಿದ್ಯಾರ್ಥಿ

ವಅಲೈಕುಮುಸ್ಸಲಾಂ ಸಹೋದರರೇ. ನಿಮ್ಮ ಮೊದಲ ಪ್ರಶ್ನೆಯನ್ನು ನಿಮಗಿಂತ ಮುಂಚೆ ಪ್ರವಾದಿಯವರ ಸಂಗಡಿಗರಾದ ಸಹಾಬಿಗಳೇ ಕೇಳಿದ್ದಾರೆ. ಬಾಯಿ ಬಿಟ್ಟು ಹೇಳುವುದಕ್ಕೂ ಹೆದರಿಕೆಯಾಗುವಂಥ ಸಂಗತಿಗಳು ತಮ್ಮ ಮನಸ್ಸಿನಲ್ಲಿ ಬರುತ್ತಿವೆ ಎಂದು ಅವರಲ್ಲಿ ಕೆಲವರು ಪ್ರವಾದಿಯವರ (ಸ) ಬಳಿ ಹೇಳಿಕೊಂಡಾಗ, ಅವರು ಗದರಲಿಲ್ಲ. ನಿಮಗೆ ಹಾಗೆ ಅನ್ನಿಸುತ್ತಿದೆಯೇ ಎಂದು ವಿಚಾರಿಸಿ, ಅದೇ ಸ್ಪಷ್ಟವಾದ ಈಮಾನ್ ಎಂದರು. ಇದು ಸಹೀಹ್ ಮುಸ್ಲಿಮ್ ಎಂಬ ಹದೀಸ್ (ಪ್ರವಾದಿ ವಚನ) ಸಂಗ್ರಹದಲ್ಲಿದೆ. ಆ ಆಲೋಚನೆಯನ್ನು ಕಂಡು ನೀವು ನಡುಗುತ್ತೀರಲ್ಲ, ಆ ನಡುಕವನ್ನು ವಿದ್ವಾಂಸರು ಈಮಾನಿನ ಕುರುಹಾಗಿಯೇ ಓದಿದ್ದಾರೆ. ಮನಸ್ಸಿನಲ್ಲಿ ಸುಳಿದದ್ದನ್ನು ಆಡದೆ, ಮಾಡದೆ ಇರುವವರೆಗೆ ಅಲ್ಲಾಹನು ಈ ಸಮುದಾಯಕ್ಕೆ ಅದನ್ನು ಮನ್ನಿಸಿದ್ದಾನೆ ಎಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಪರಿಹಾರ ಹುಡುಕಿ ಇಲ್ಲಿ ನಾಲ್ಕು ಮಾತು ಬರೆದದ್ದು ಹಾಗೆ ಆಡಿದ ಲೆಕ್ಕಕ್ಕೆ ಸೇರುವುದಿಲ್ಲ.

ಕಪಟದ ಬಗ್ಗೆಯೂ ಒಂದು ಮಾತು. ಇಬ್ನ್ ಅಬೀ ಮುಲೈಕಾ ಎಂಬ ತಾಬಿಈ (ಸಹಾಬಿಗಳ ನಂತರದ ತಲೆಮಾರಿನವರು) ತಾವು ಕಂಡ ಮೂವತ್ತು ಮಂದಿ ಸಹಾಬಿಗಳಲ್ಲಿ ಪ್ರತಿಯೊಬ್ಬರೂ ತಮ್ಮ ಬಗ್ಗೆಯೇ ಕಪಟದ ಭಯ ಇಟ್ಟುಕೊಂಡಿದ್ದರು ಎಂದು ಹೇಳಿದ್ದನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಜನರ ಮುಂದೆ ಒಂದು, ಒಳಗೆ ಇನ್ನೊಂದು ಇಟ್ಟುಕೊಂಡು ಅದರಲ್ಲಿ ನೆಮ್ಮದಿಯಾಗಿರುವವನು ಕಪಟಿ. ನಿಮಗೆ ಆ ನೆಮ್ಮದಿ ಇಲ್ಲ.

ಉತ್ತರ – ಮೈಸೂರಿನ ಇತಿಹಾಸ ಶಿಕ್ಷಕ

ಮೇಲಿನ ಉತ್ತರ ಸರಿಯಾಗಿದೆ. ಆದರೆ ಎಲ್ಲ ಸಂಶಯವನ್ನೂ ಶೈತಾನನ ಪಿಸುಮಾತು ಎಂದು ಕರೆದು ಮುಚ್ಚಿಬಿಡುವ ರೂಢಿ ನಮ್ಮಲ್ಲಿದೆ, ಅದನ್ನು ನಾನು ಒಪ್ಪುವುದಿಲ್ಲ. ನಿಜವಾದ ಪ್ರಶ್ನೆ ಇರುವ ಹುಡುಗನಿಗೆ "ಅಊದು (ಶೈತಾನನಿಂದ ರಕ್ಷಣೆ ಬೇಡುವ ಮಾತು) ಹೇಳಿ ಸುಮ್ಮನಿರು" ಎಂದರೆ ಅವನು ಸುಮ್ಮನಾಗುತ್ತಾನೆ, ಆಮೇಲೆ ದೂರವೂ ಆಗುತ್ತಾನೆ. ಕುರ್‌ಆನಿನ ಅಲ್-ಬಕರಾ ಅಧ್ಯಾಯದ 260ನೆಯ ಆಯತ್ತನ್ನು (ವಚನವನ್ನು) ನೋಡಿ. ಸತ್ತವರನ್ನು ಹೇಗೆ ಬದುಕಿಸುವೆ ಎಂದು ತೋರಿಸು ಎಂದು ಪ್ರವಾದಿ ಇಬ್ರಾಹೀಮರು (ಅ) ಕೇಳುತ್ತಾರೆ. ನಿನಗೆ ವಿಶ್ವಾಸವಿಲ್ಲವೇ ಎಂಬ ಪ್ರಶ್ನೆಗೆ, ಇದೆ, ಆದರೆ ನನ್ನ ಹೃದಯಕ್ಕೆ ಸಮಾಧಾನವಾಗಲಿ ಎಂದು ಕೇಳುತ್ತಿದ್ದೇನೆ ಎನ್ನುತ್ತಾರೆ. ಅವರಿಗೆ ಶಿಕ್ಷೆಯಾಗಲಿಲ್ಲ. ನಾಲ್ಕು ಹಕ್ಕಿಗಳನ್ನು ತೆಗೆದುಕೋ ಎಂಬ ಉತ್ತರ ಸಿಕ್ಕಿತು.

ಮಹಾವಿದ್ವಾಂಸ ಇಮಾಮ್ ಗಝಾಲಿಯವರ (1058–1111) ವೃತ್ತಾಂತವನ್ನೂ ನೀವು ತಿಳಿಯಬೇಕು. ತಮ್ಮ ಆತ್ಮಕಥನದಲ್ಲಿ ಅವರು ತಮ್ಮ ಸಂಶಯವನ್ನು ಕಣ್ಣಿನಿಂದಲೇ ಆರಂಭಿಸುತ್ತಾರೆ: ನೆರಳು ನಿಂತಂತೆ ಕಾಣುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಸರಿದಿರುತ್ತದೆ, ನಕ್ಷತ್ರ ಒಂದು ದೀನಾರ್ ನಾಣ್ಯದಷ್ಟು ಕಾಣುತ್ತದೆ, ರೇಖಾಗಣಿತವಾದರೋ ಅದು ಭೂಮಿಗಿಂತ ದೊಡ್ಡದು ಎನ್ನುತ್ತದೆ. ಇಂದ್ರಿಯಗಳೇ ಹೀಗೆ ಮೋಸ ಮಾಡುವಾಗ ಬುದ್ಧಿಯನ್ನಾದರೂ ಏಕೆ ನಂಬಬೇಕು ಎಂದು ಕೇಳಿಕೊಂಡ ಅವರು ಸುಮಾರು ಎರಡು ತಿಂಗಳು ಯಾವುದನ್ನೂ ನಂಬಲಾಗದ ಸ್ಥಿತಿಯಲ್ಲಿದ್ದರು. ಅದರಿಂದ ಹೊರಬಂದದ್ದು ತರ್ಕದಿಂದಲ್ಲ, ಅಲ್ಲಾಹನು ಎದೆಯೊಳಗೆ ಹಾಕಿದ ಬೆಳಕಿನಿಂದ ಎಂದು ಬರೆದಿದ್ದಾರೆ. ಮುಂದೆ 1095ರಲ್ಲಿ, ಬಗ್ದಾದಿನ ನಿಝಾಮಿಯ್ಯಾ ವಿದ್ಯಾಲಯದಲ್ಲಿ ಕೀರ್ತಿಯ ತುದಿಯಲ್ಲಿದ್ದಾಗ, ಇನ್ನೊಂದು ಬಿಕ್ಕಟ್ಟು ಬಂದು ಪಾಠ ಹೇಳಲು ನಾಲಗೆಯೇ ಹೊರಳದಂತಾಯಿತು. ಅವರು ಹುದ್ದೆ ಬಿಟ್ಟು ದಮಾಸ್ಕಸ್‌ಗೆ ಹೋದರು. ಅಂಥವರೇ ಇದನ್ನು ಮುಚ್ಚಿಡದೆ ಬರೆದಿಟ್ಟಿರುವಾಗ, ನಮ್ಮ ಮೊಹಲ್ಲಾಗಳಲ್ಲಿ ಸಂಶಯದ ಹೆಸರೆತ್ತುವುದೇ ಅಪರಾಧವೆಂಬಂತೆ ನಡೆದುಕೊಳ್ಳುವುದು ನನಗೆ ನೋವು ತರುತ್ತದೆ.

ಉತ್ತರ – ಶಿವಮೊಗ್ಗದ ಆಪ್ತಸಮಾಲೋಚಕಿ

ತಮ್ಮಾ, ನಿನ್ನಲ್ಲಿ ಎರಡು ವಿಷಯ ಕೇಳಬೇಕಾಗಿದೆ. ಈ ಆಲೋಚನೆ ಬಂದಾಗ ವುಝೂ (ನಮಾಝಿಗೆ ಮುಂಚಿನ ಅಂಗಶುದ್ಧಿ) ಮತ್ತೆ ಮತ್ತೆ ಮಾಡುವುದು, ತಕ್ಬೀರನ್ನು (ಅಲ್ಲಾಹು ಅಕ್ಬರ್) ಹಲವು ಸಲ ಹೇಳುವುದು, ಮುಗಿದ ನಮಾಝನ್ನು ಪುನಃ ನಿರ್ವಹಿಸುವುದು, ಕಲಿಮಾ (ವಿಶ್ವಾಸದ ಘೋಷಣೆ) ಹೇಳಿ ಹೇಳಿ ಖಾತ್ರಿಪಡಿಸಿಕೊಳ್ಳುವುದು, ಇಂಥದ್ದೇನಾದರೂ ಇದೆಯೇ? ಇದ್ದರೆ ಅದು ಗೀಳು ಕಾಯಿಲೆಯೂ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ಮತ್ತು ಚಿಕಿತ್ಸೆ ಪಡೆಯುವುದರಿಂದ ಈಮಾನಿಗೆ ಯಾವ ಕುಂದೂ ಇಲ್ಲ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್-ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತು ಬರೆದ ಗ್ರಂಥದಲ್ಲಿ ವಸ್ವಾಸನ್ನು (ಬಿಡದೆ ಕಾಡುವ ಆಲೋಚನೆಯನ್ನು) ಮನಸ್ಸಿನ ಬೇನೆಯಾಗಿ ವಿವರಿಸಿ ಪರಿಹಾರವನ್ನೂ ಸೂಚಿಸಿದ್ದರು. ಬೆಂಗಳೂರಿನಲ್ಲೇ ಇದ್ದೀಯ, ನಿಮ್ಹಾನ್ಸ್‌ಗೆ ಹೋಗಬಹುದು. ಮೊದಲು ಫೋನಿನಲ್ಲಿ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಎರಡನೆಯದು, ಇದು ಆರಂಭವಾದದ್ದು ಯಾವಾಗ? ಆಗ ಮನೆಯಲ್ಲಿ ಏನು ನಡೆದಿತ್ತು?

ಪುತ್ತೂರಿನವನು

ಅಕ್ಕಾ, ವುಝೂವನ್ನಾಗಲಿ ನಮಾಝನ್ನಾಗಲಿ ಮರಳಿ ಮಾಡುವ ಅಭ್ಯಾಸ ನನಗಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುವುದು ಕಷ್ಟ. ತಂದೆಯವರು ಐಸಿಯುನಲ್ಲಿದ್ದಾಗ ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳ ಹಿಂದೆ ಟವೆಲ್ ಹಾಸಿಕೊಂಡು ರಾತ್ರಿಯೆಲ್ಲ ದುಆ ಮಾಡಿದ್ದೆ. ಅಷ್ಟು ಮನಸ್ಸಿಟ್ಟು ಎಂದೂ ಬೇಡಿರಲಿಲ್ಲ. ಅವರು ಉಳಿಯಲಿಲ್ಲ. ಅದೇ ವಾರದಿಂದ ಇದು ಶುರುವಾಗಿದೆ.

ಶಿವಮೊಗ್ಗದ ಆಪ್ತಸಮಾಲೋಚಕಿ

ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಅಲ್ಲಾಹನು ಅವರಿಗೆ ಮಗ್ಫಿರತ್ (ಕ್ಷಮೆ) ಕರುಣಿಸಲಿ. ತಮ್ಮಾ, ಹಾಗಾದರೆ ನಿನ್ನ ಪ್ರಶ್ನೆ ದೇವನಿದ್ದಾನೆಯೇ ಎಂಬುದಕ್ಕಿಂತ ಹೆಚ್ಚಾಗಿ, ಅವನು ನನ್ನ ಮಾತನ್ನೇಕೆ ನಡೆಸಿಕೊಡಲಿಲ್ಲ ಎಂಬುದು. ಇದಕ್ಕೆ ವಾದದ ಪುಸ್ತಕ ಓದಿದರೆ ಹಸಿ ಗಾಯಕ್ಕೆ ಉಪ್ಪು ಹಾಕಿದಂತಾದೀತು. ಮೊದಲು ನೀನು ಅಳಬೇಕು. ತಮ್ಮ ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಪ್ರವಾದಿಯವರ (ಸ) ಕಣ್ಣು ತುಂಬಿ ಬಂತು. ಕಣ್ಣು ನೀರು ಸುರಿಸುತ್ತದೆ, ಹೃದಯ ದುಃಖಿಸುತ್ತದೆ, ಆದರೂ ನಮ್ಮ ಪ್ರಭುವಿಗೆ ಮೆಚ್ಚುಗೆಯಾಗುವುದನ್ನೇ ಹೇಳುತ್ತೇವೆ ಎಂದರು. ಈ ದುಃಖವನ್ನು ಉಮ್ಮನಿಂದ ಬಚ್ಚಿಡಬೇಡ. ಸಂಶಯದ ಮಾತು ಹೇಳಬೇಕಾಗಿಲ್ಲ, ತಂದೆಯ ನೆನಪಾಗುತ್ತಿದೆ ಎಂದಷ್ಟು ಹೇಳು.

ಹಳೆಯ ದರ್ಸ್ ವಿದ್ಯಾರ್ಥಿ

ಅಕ್ಕನವರು ಕೇಳಿದ್ದು ಒಳ್ಳೆಯದಾಯಿತು. ದುಆ ಕುರಿತು ಸಹೀಹ್ ಮುಸ್ಲಿಮಿನ ಒಂದು ಹದೀಸನ್ನು ನಮ್ಮ ಪ್ರವಚನಗಳಲ್ಲಿ ಇನ್ನಷ್ಟು ಹೇಳಬೇಕೆಂದು ನನಗೆ ಬಹಳ ಸಲ ಅನ್ನಿಸಿದೆ. ಪ್ರವಾದಿಯವರು (ಸ) ತಮ್ಮ ಸಮುದಾಯಕ್ಕಾಗಿ ಮೂರನ್ನು ಬೇಡಿದರು. ಬರಗಾಲದಿಂದಲೂ ಮುಳುಗಡೆಯಿಂದಲೂ ಅದು ನಾಶವಾಗದಿರಲಿ ಎಂಬ ಎರಡು ಸಿಕ್ಕವು. ತಮ್ಮತಮ್ಮಲ್ಲಿ ಹೊಡೆದಾಡದಿರಲಿ ಎಂಬ ಮೂರನೆಯದು ಸಿಗಲಿಲ್ಲ. ಬೇಡಿದ್ದು ಸಿಗದಿರುವುದನ್ನು ಕೇಳುವವನಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳುವುದಾದರೆ ಅಲ್ಲೇ ತೆಗೆದುಕೊಳ್ಳಬೇಕಾಗಿತ್ತು. ಅವರು ಬೇಡುವುದನ್ನು ನಿಲ್ಲಿಸಲಿಲ್ಲ.

ಇಮಾಮತ್ ವಿಷಯಕ್ಕೆ ಬರುತ್ತೇನೆ. ನಮಾಝಿನ ಶರತ್ತುಗಳೂ ರುಕ್ನುಗಳೂ (ಕಡ್ಡಾಯ ಅಂಗಗಳೂ) ಸರಿಯಾಗಿದ್ದರೆ, ಮನಸ್ಸಿನಲ್ಲಿ ಹಾದುಹೋದ ಆಲೋಚನೆಯಿಂದ ನಿಮ್ಮ ನಮಾಝಾಗಲಿ ಹಿಂದೆ ನಿಂತವರದಾಗಲಿ ಕೆಡುವುದಿಲ್ಲ. ತೀರಾ ಭಾರವೆನಿಸಿದ ದಿನ ಇನ್ನೊಬ್ಬರನ್ನು ಮುಂದೆ ಕಳುಹಿಸಿ ನೀವು ಹಿಂದೆ ನಿಲ್ಲಿ, ಕಾರಣ ಹೇಳುವ ಅಗತ್ಯವಿಲ್ಲ. ಆದರೆ ಜಮಾಅತ್ (ಸಾಮೂಹಿಕ ನಮಾಝ್) ಬಿಟ್ಟು ಒಬ್ಬರೇ ಉಳಿಯಬೇಡಿ. ಸುಜೂದಿನಲ್ಲಿ ಆ ಪ್ರಶ್ನೆ ಎದ್ದಾಗ ಅದರೊಂದಿಗೆ ವಾದಕ್ಕಿಳಿಯದೆ "ಯಾ ಮುಕಲ್ಲಿಬಲ್ ಕುಲೂಬ್, ಸಬ್ಬಿತ್ ಕಲ್ಬೀ ಅಲಾ ದೀನಿಕ್" ಎಂದು ಹೇಳಿಕೊಳ್ಳಿ. ಪ್ರವಾದಿಯವರು ಹೆಚ್ಚಾಗಿ ಮಾಡುತ್ತಿದ್ದ ದುಆ ಇದು ಎಂದು ಅವರ ಪತ್ನಿ ಉಮ್ಮು ಸಲಮಾ (ರ) ಹೇಳಿದ್ದಾರೆ. ಹೃದಯವನ್ನು ದೀನಿನ ಮೇಲೆ ನೆಲೆಗೊಳಿಸು ಎಂದು ಅವರೇ ಅಷ್ಟು ಸಲ ಬೇಡಿದ್ದರೆ, ನಾವು ಬೇಡುವುದರಲ್ಲಿ ನಾಚಿಕೆಯೇನು?

ಊರಿಗೆ ಹೋದಾಗ ಉಸ್ತಾದರನ್ನೂ ಕಾಣಿ. ಜುಮುಅದ ಗದ್ದಲದಲ್ಲಿ ಬೇಡ, ವಾರದ ಬೇರೆ ದಿನ ಅಸರಿನ ಬಳಿಕ ಒಬ್ಬರೇ ಹೋಗಿ, ಮೊದಲು ತಂದೆಯವರಿಗಾಗಿ ದುಆ ಮಾಡಿಸಿ, ಆಮೇಲೆ ಇಲ್ಲಿ ಬರೆದದ್ದನ್ನೇ ಹೇಳಿ.