ದೊಡ್ಡ ಕಣ್ಣಿನ ಕೆಂಪು ಮೀನು ತಿನ್ನಬಹುದಾ?

ಶಿರಸಿ ಅತ್ತೆ: (ವಿಡಿಯೊ) ಕಾರವಾರದವರು ಎಲ್ಲರೂ ನೋಡಿ. ಸಮುದ್ರಕ್ಕೆ ವಿಷ ಸೇರಿ ಮೀನಿನ ಕಣ್ಣು ಊದಿದೆಯಂತೆ. ಮೇಲಿಂದ ಕೆಂಪು ಬಣ್ಣ ಬೇರೆ ಹಚ್ಚುತ್ತಾರಂತೆ. ಯಾರೂ ತಗೋಬೇಡಿ.

ಅಂಕೋಲಾ ಮಾವ: ಮೊನ್ನೆ ನಾನೂ ಪೇಟೆಯಲ್ಲಿ ನೋಡಿದೆ. ಮುಖದ ತುಂಬಾ ಕಣ್ಣೇ. ಮುಟ್ಟಲಿಲ್ಲ.

ಕಾರವಾರ ತಮ್ಮ: ಅತ್ತೆ, ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಆ ಮೀನಿಗೆ ರೋಗ ಇಲ್ಲ. ಅದು ಬುಲ್ಸ್ ಐ. ಹುಟ್ಟಿದ್ದೇ ಆ ಕಣ್ಣಿನ ಜೊತೆ. ಹಗಲು ಬಂಡೆ, ಹವಳದ ಸಂದಿಯಲ್ಲಿ ಇರುತ್ತದೆ. ರಾತ್ರಿ ಹೊರಬಿದ್ದು ಸಣ್ಣ ಮೀನು, ಸಿಗಡಿ ಹಿಡಿಯುತ್ತದೆ. ಕತ್ತಲಲ್ಲಿ ಇರುವಷ್ಟು ಬೆಳಕನ್ನೂ ಹಿಡಿಯಬೇಕಲ್ವಾ, ಅದಕ್ಕೆ ಅಷ್ಟು ದೊಡ್ಡ ಕಣ್ಣು.

ಅಂಕೋಲಾ ಮಾವ: ತಮಾ, ಬಣ್ಣದ ಕಥೆ ಏನು? ಮನೆಗೆ ತರುವಷ್ಟರಲ್ಲಿ ಬಿಳಿಚಿಕೊಂಡಿತ್ತು ಅಂತ ಪಕ್ಕದ ಮನೆಯವರು ಹೇಳಿದರು.

ಕಾರವಾರ ತಮ್ಮ: ಬದುಕಿರುವಾಗಲೂ ಬಣ್ಣ ಬದಲಿಸುತ್ತದೆ ಮಾವ. ಈಗ ಪೂರ್ತಿ ಕೆಂಪು, ಸ್ವಲ್ಪ ಹೊತ್ತಿಗೆ ಬೆಳ್ಳಿ, ಒಮ್ಮೊಮ್ಮೆ ಪಟ್ಟೆ ಪಟ್ಟೆ. ಸತ್ತ ಮೇಲೆ ಮಾಸುತ್ತದೆ. ಬಿಸಿಲಿನ ಕೆಂಪು ಬೆಳಕು ನೀರಿನ ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಅಲ್ಲಿ ಕೆಂಪು ಮೀನು ಕಪ್ಪಾಗಿ ಕಾಣುತ್ತದೆ, ಕತ್ತಲಲ್ಲಿ ಸೇರಿಹೋಗುತ್ತದೆ. ಸಂಶಯ ಇದ್ದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಚರ್ಮ ಪಾಲಿಶ್ ಪೇಪರ್ ಹಾಗೆ ತರಿತರಿ, ಸುಲಿದುಬಿಟ್ಟರೆ ಒಳಗೆ ಒಳ್ಳೆಯ ಬಿಳಿ ಮಾಂಸ.

ಶಿರಸಿ ಅತ್ತೆ: ನಾವು ಸಣ್ಣವರಿದ್ದಾಗ ಇಂಥ ಮೀನು ಒಂದೂ ಕಂಡಿರಲಿಲ್ಲ. ಈಗ ಎಲ್ಲಿಂದ ಬಂತು?

ಕಾರವಾರ ತಮ್ಮ: ಆಗ ರಂಪಣಿ ಬಲೆ ಅತ್ತೆ. ದಡಕ್ಕೆ ಬಂದ ಬಂಗಡೆ, ತಾರ್ಲೆ ಎಳೆಯುತ್ತಿದ್ದರು. ಇದು ಇರುವುದು ಆಚೆ, ಆಳದಲ್ಲಿ. ತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟು ಅಷ್ಟು ದೂರ ಹೋಗಲು ಶುರುವಾದ ಮೇಲೆ ಪೇಟೆಗೆ ಬಂತು. ಮೀನು ಹೊಸದಲ್ಲ. ಪೀಟರ್ ಫೋರ್ಸ್‌ಕಾಲ್ ಎಂಬ ವಿಜ್ಞಾನಿ ಕೆಂಪು ಸಮುದ್ರದಲ್ಲಿ ನೋಡಿ ಬರೆದದ್ದು 1775ರಲ್ಲೇ ಅಚ್ಚಾಗಿದೆ. ಬುಟ್ಟಿ ಇಟ್ಟುಕೊಂಡು ಬಿಸಿಲಿಗೆ ಕೂತ ಹೆಂಗಸರನ್ನು ನೆನೆಸಿಕೊಳ್ಳಿ. ಇಂಥ ಒಂದು ವಿಡಿಯೊ ಊರೆಲ್ಲ ತಿರುಗಿದರೆ ಅವರ ಆ ದಿನದ ವ್ಯಾಪಾರ ಹೋಯಿತು.

ಅಂಕೋಲಾ ಮಾವ: ತಿನ್ನಬಹುದು ಅಂತಲೇ ಇಟ್ಟುಕೋ. ಆದರೂ ಸಮುದ್ರದ ತಳ ಬಾಚಿ ತರುವುದು ನನಗೆ ಸರಿ ಕಾಣುವುದಿಲ್ಲ.

ಕಾರವಾರ ತಮ್ಮ: ಆ ಮಾತಿಗೆ ನಾನು ನಿಮ್ಮ ಕಡೆ ಮಾವ. ಮರಿಗಳೂ ಬಲೆಗೆ ಬೀಳುತ್ತವೆ. ಅದನ್ನು ಬರೆದು ಹಾಕಿ, ನಾನೇ ನಾಲ್ಕು ಜನರಿಗೆ ಕಳಿಸುತ್ತೇನೆ. ಈ ವಿಡಿಯೊ ಮಾತ್ರ ಅಳಿಸಿ ಅತ್ತೆ.

ಶಿರಸಿ ಅತ್ತೆ: ನಾಳೆ ಪೇಟೆಯಲ್ಲಿ ಸಿಕ್ಕರೆ ಬಟ್ಟೆ ಉಜ್ಜಿ ನೋಡುತ್ತೇನೆ. ಅಳಿಸುವುದು ಆಮೇಲೆ.